ಗುರುತು ಸಿಗದ ಹಾಗೆ ಹೊಲಿಯುವ ಸೂಜಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚರ್ಚಿನ ಹಿಂಬದಿಯ ಕೋಣೆಯಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಕಾಲು ಚಾಚಿ ನೆಲದ ಮೇಲೆ ಕೂತಿರುವ ಸೂಜಿಯಕ್ಕ ಬಟ್ಟೆಯ ಕರಡಿಯೊಂದರ ಹೊಟ್ಟೆ ಬಿಚ್ಚುತ್ತಿದ್ದಾರೆ. ಚಿಕ್ಕ ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಕತ್ತರಿಸಿ, ನೂಲು ಎಳೆದು, ಒಳಗೆ ತುಂಬಿದ್ದ ಚಿಂದಿಯನ್ನೆಲ್ಲ ಪಕ್ಕದಲ್ಲಿ ಕೂತ ಅತ್ತೆಯ ಮಡಿಲಿಗೆ ಸುರಿಯುತ್ತಾರೆ. ಅತ್ತೆಗೆ ಕಣ್ಣು ಮಂಜು. ಒಂದೊಂದು ಚೂರನ್ನೂ ಎರಡು ಬೆರಳ ನಡುವೆ ತಿಕ್ಕಿ ನೋಡಿ, "ಇದಲ್ಲ" ಎನ್ನುತ್ತಾರೆ. ಇನ್ನೊಂದು ಚೂರು. "ಇದೂ ಅಲ್ಲ."

ಕ್ರಿಸ್‌ಮಸ್ಸಿಗೆ ಇನ್ನು ವಾರವೂ ಉಳಿದಿಲ್ಲ. ಇಲ್ಲದವರ ಮನೆಯ ಮಕ್ಕಳಿಗೆಂದು ಚರ್ಚಿನವರು ಕೊಡುವ ಆಟಿಕೆಗಳು ಗೋಡೆಯ ಹಲಗೆಗಳ ಮೇಲೆ ಸಿದ್ಧವಾಗಿ ಕೂತಿವೆ. ಇಂಥ ಹೊತ್ತಿನಲ್ಲಿ ಹೊಲಿದು ಮುಗಿಸಿದ್ದನ್ನು ಯಾರಾದರೂ ಬಿಚ್ಚುತ್ತಾರೆಯೇ? ಸೂಜಿಯಕ್ಕ ಬಿಚ್ಚುತ್ತಿದ್ದಾರೆ. ನಿನ್ನೆ ಮುಂಜಾನೆಯೂ ಬಿಚ್ಚಿದ್ದರು, ಮೊನ್ನೆಯೂ. ಮೊಲ ಆಯಿತು, ಆನೆ ಆಯಿತು, ಎರಡು ಬೆಕ್ಕುಗಳಾದವು, ಈಗ ಈ ಕರಡಿ. ಇವನ್ನೆಲ್ಲ ಮತ್ತೆ ತುಂಬಿ ಮತ್ತೆ ಹೊಲಿಯಬೇಕು. ಹುಡುಕುತ್ತಿರುವುದು ಒಂದು ಕಿವಿ. ಮಗುವೊಂದು ಕಚ್ಚಿ ಕಚ್ಚಿ ನೂಲೆಬ್ಬಿಸಿದ, ಬೂದು ಬಣ್ಣದ ಬಟ್ಟೆ ಕತ್ತೆಯ ಎಡಗಿವಿ.

"ಅದು ಸಿಗದಿದ್ರೆ ಈ ವರ್ಷ ನನಗೆ ಹಬ್ಬ ಇಲ್ಲ" ಎಂದು ಸೂಜಿಯಕ್ಕ ತಲೆ ಎತ್ತದೆ ಹೇಳುತ್ತಾರೆ.

"ಹಿಂದಿನ ವರ್ಷ ಏನು ಭಾರೀ ಹಬ್ಬ ಮಾಡಿದ್ವಿ!" ಅತ್ತೆ ಮೂಗು ಮುರಿಯುತ್ತಾರೆ. ಬೆರಳು ಮಾತ್ರ ನಿಲ್ಲುವುದಿಲ್ಲ.

ಸೂಜಿಯಕ್ಕನಿಗೆ ಐವತ್ತು ದಾಟಿದೆ. ಹೊಟ್ಟೆಪಾಡಿನ ಕೆಲಸ ಬಟ್ಟೆ ರಿಪೇರಿ ಅಂಗಡಿಯಲ್ಲಿ. ಪ್ಯಾಂಟು ಗಿಡ್ಡ ಮಾಡುವುದು, ಕೆಟ್ಟ ಜಿಪ್ಪು ಬದಲಾಯಿಸುವುದು, ಸೊಂಟದ ಹೊಲಿಗೆ ಬಿಚ್ಚಿ ಸಡಿಲಿಸುವುದು. "ಹಬ್ಬಕ್ಕೆ ಮುಂಚೆ ಬಂದು ಬಿಗಿ ಮಾಡಿ ಅಂತಾರೆ, ಹಬ್ಬ ಮುಗಿದ ಮೇಲೆ ಬಂದು ಸಡಿಲ ಮಾಡಿ ಅಂತಾರೆ. ಅವರ ಹೊಟ್ಟೆಯಿಂದಲೇ ನಮ್ಮ ಹೊಟ್ಟೆ ನಡೀತಿದೆ" ಎನ್ನುತ್ತಾರೆ. ಅಂಗಡಿಗೆ ಹೋಗುವ ಮುಂಚಿನ ಮುಂಜಾನೆ ಮತ್ತು ಅಂಗಡಿಯಿಂದ ಬಂದ ಮೇಲಿನ ಸಂಜೆ ಚರ್ಚಿನ ಈ ಕೋಣೆಗೆ. ಇದಕ್ಕೆ ಸಂಬಳ ಇಲ್ಲ. ಹೀಗೆ ಇಪ್ಪತ್ತು ವರ್ಷ ಕಳೆದಿದೆ. ಹಬ್ಬದ ಪೂಜೆಯ ಕೊನೆಯಲ್ಲಿ ಹೂವು ಜೋಡಿಸಿದವರಿಗೆ, ಹಾಡಿದವರಿಗೆ, ಮೈಕು ಕಟ್ಟಿದವರಿಗೆ ಕೃತಜ್ಞತೆ ಹೇಳುತ್ತಾರೆ. ಈ ಕೋಣೆಯ ಹೆಸರು ಅಲ್ಲಿ ಬರುವುದಿಲ್ಲ. ಬರಬಾರದು ಎಂದು ಸೂಜಿಯಕ್ಕನೇ ಹೇಳಿಟ್ಟಿದ್ದಾರೆ. ಇಲ್ಲಿ ಏನು ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತಾದರೆ ಅದು ನಡೆದೂ ಪ್ರಯೋಜನವಿಲ್ಲ.

ನಡೆಯುವುದು ಇಷ್ಟು. ನವೆಂಬರ್ ಹುಟ್ಟುತ್ತಿದ್ದಂತೆ ಚರ್ಚಿನ ಬಾಗಿಲ ಪಕ್ಕದಲ್ಲಿ ಒಂದು ದೊಡ್ಡ ಮರದ ಪೆಟ್ಟಿಗೆ ಬಂದು ಕೂರುತ್ತದೆ. ಇದ್ದವರು ತಮ್ಮ ಮಕ್ಕಳು ಆಡಿ ಬಿಟ್ಟ ಆಟಿಕೆಗಳನ್ನು ತಂದು ಹಾಕುತ್ತಾರೆ. ಒಳ್ಳೆಯದನ್ನೇ ತರುವವರು ಬೇಕಾದಷ್ಟು ಜನ ಇದ್ದಾರೆ. ಕೈಕಾಲು ಮುರಿದದ್ದನ್ನು, ಚಕ್ರವಿಲ್ಲದ ಕಾರನ್ನು ತಂದು ಸುರಿದು ಪುಣ್ಯ ಕಟ್ಟಿಕೊಂಡು ಹೋಗುವವರೂ ಇದ್ದಾರೆ. ಒಂದು ವರ್ಷ ಪೆಟ್ಟಿಗೆಯಲ್ಲಿ ಹಲ್ಲುಜ್ಜುವ ಬ್ರಷ್ಷು ಸಿಕ್ಕಿತ್ತು, ಅದೂ ಉಜ್ಜಿ ಬಿಟ್ಟದ್ದು. "ದಾನ ಅಂದ್ರೆ ಮನೆ ಗುಡಿಸೋದು ಅಂದ್ಕೊಂಡಿದ್ದಾರೆ ಕೆಲವರು" ಎಂದು ಅತ್ತೆ ಇವತ್ತಿಗೂ ಬೈಯುತ್ತಾರೆ.

ಕೊಡುವ ಮನೆಗೂ ಪಡೆಯುವ ಮನೆಗೂ ನಡುವೆ ಬಹಳ ದೂರವೇನಿಲ್ಲ. ಎಷ್ಟೋ ಕಡೆ ಒಂದೇ ಬೀದಿ, ಒಂದೇ ಶಾಲೆ, ಒಂದೇ ಬೆಂಚು. ಹೀಗಾಗಿ ಪೆಟ್ಟಿಗೆಗೆ ಬಿದ್ದ ಯಾವ ಆಟಿಕೆಯೂ ಬಂದ ರೂಪದಲ್ಲಿ ಈ ಕೋಣೆಯಿಂದ ಹೊರಗೆ ಹೋಗುವಂತಿಲ್ಲ. ನಾಯಿ ಬಂದರೆ ಸಿಂಹವಾಗಿ ಹೋಗುತ್ತದೆ. ಉದ್ದ ಕೂದಲಿನ ಗೊಂಬೆ ಮೋಟು ಜಡೆಯದಾಗುತ್ತದೆ. ಇದಕ್ಕೆ ಅತ್ತೆ ಸೊಸೆ ಇಬ್ಬರೂ ಇಟ್ಟುಕೊಂಡಿರುವ ಮಾತು 'ವೇಷ ಹಾಕುವುದು'. ಮೊದಲು ಗುರುತು ಸಿಗುವಂಥ ಭಾಗಗಳಿಗೆ ಕತ್ತರಿ: ಕಚ್ಚಿದ ಕಿವಿ, ಶಾಯಿಯ ಕಲೆ, ಸುಟ್ಟ ಬಾಲ. ಉಳಿದದ್ದನ್ನು ತೊಳೆದು, ಬಣ್ಣದ ನೀರಿನಲ್ಲಿ ಅದ್ದಿ, ಒಣಗಿಸಿ, ಹೊಸ ಕಣ್ಣು ಹೊಸ ಕಿವಿ ಇಡುತ್ತಾರೆ. ಕಣ್ಣಿಗೆ ಗುಂಡಿ ಆರಿಸುವುದು ಅತ್ತೆಯ ಕೆಲಸ. ಕಣ್ಣು ಕಾಣದವರು ಕಣ್ಣು ಆರಿಸುತ್ತಾರೆ ಎಂದು ನಗುವವರು ನಗಲಿ, ಅವರ ಬೆರಳಿಗೆ ಸಿಕ್ಕ ಎರಡು ಗುಂಡಿಗಳು ಎಂದೂ ಹೆಚ್ಚು ಕಡಿಮೆ ಆದದ್ದಿಲ್ಲ.

ಕತ್ತರಿಸಿ ತೆಗೆದ ಚೂರುಗಳು ಮಾತ್ರ ನೀರು ಕಾಣುವುದಿಲ್ಲ. ಒದ್ದೆಯಾದ ಚಿಂದಿ ಒಳಗೇ ಮುಗ್ಗಲು ಹಿಡಿಯುತ್ತದೆ. ಬಿಸಿಲಿಗೆ ಹರಡಿ, ಚೀಲಕ್ಕೆ ತುಂಬಿ, ಅದನ್ನೇ ಬೇರೆ ಆಟಿಕೆಗಳ ಹೊಟ್ಟೆಗೆ ಹಾಕುತ್ತಾರೆ. ಒಂದರ ಕಿವಿ ಇನ್ನೊಂದರ ಹೊಟ್ಟೆ ಸೇರುತ್ತದೆ. ಈ ಸಲ ತಿಂಗಳಿಡೀ ಮೋಡ ಕವಿದಿತ್ತು. ಬಿಸಿಲಿಗಾಗಿ ಕಾಯುತ್ತ ಕೂತರೆ ಹಬ್ಬ ಬರುವುದರೊಳಗೆ ಕೆಲಸ ಮುಗಿಯುವುದಿಲ್ಲ ಎಂದು ಅತ್ತೆ ಚೂರುಗಳನ್ನು ಹಾಗೆಯೇ ತುಂಬಿಬಿಟ್ಟರು.

ಇಷ್ಟೆಲ್ಲ ವೇಷ ಯಾಕೆ ಎಂದು ಕೇಳಿದರೆ ಸೂಜಿಯಕ್ಕ ಒಂದು ಗೊಂಬೆಯ ಕಥೆ ಹೇಳುತ್ತಾರೆ. ಅವರು ಎರಡನೇ ಕ್ಲಾಸಿನಲ್ಲಿದ್ದಾಗ ಇಂಥದೇ ಒಂದು ಚರ್ಚಿನಿಂದ ಮನೆಗೆ ಗೊಂಬೆ ಬಂದಿತ್ತು. ಕಾಲು ನೆಲದ ಮೇಲೆ ನಿಲ್ಲದೆ ಅದನ್ನು ಶಾಲೆಗೆ ಎತ್ತಿಕೊಂಡು ಹೋದರು. ಮುಂದಿನ ಬೆಂಚಿನ ಹುಡುಗಿ ಗೊಂಬೆಯನ್ನು ಕಸಿದು ತಲೆಕೆಳಗು ಮಾಡಿ, "ಇದು ನಂದು, ನೋಡಿ, ಕಾಲಡಿಯಲ್ಲಿ ನಾನೇ ಗೀಚಿದ್ದೆ" ಎಂದು ಇಡೀ ಕ್ಲಾಸಿಗೆ ತೋರಿಸಿದಳು.

"ಟೀಚರ್ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಅವಳ ತಲೆ ಸವರಿ, ಎಷ್ಟು ಒಳ್ಳೇ ಹುಡುಗಿ ನೋಡಿ, ಇಲ್ಲದವರಿಗೆ ಕೊಟ್ಟಿದ್ದಾಳೆ, ಎಲ್ಲರೂ ಚಪ್ಪಾಳೆ ತಟ್ಟಿ ಅಂದ್ರು. ಎಲ್ಲರೂ ತಟ್ಟಿದ್ರು. ನಾನೂ ತಟ್ಟಿದೆ. ತಟ್ಟದೆ ಏನು ಮಾಡ್ಲಿ?"

ಮನೆಗೆ ಹೋಗುವ ದಾರಿಯಲ್ಲಿ ಗೊಂಬೆ ಚರಂಡಿ ಸೇರಿತು. ಎಲ್ಲೋ ಕಳೆದುಹೋಯಿತು ಎಂದದ್ದಕ್ಕೆ ಅಮ್ಮನಿಂದ ಬೆನ್ನ ಮೇಲೆ ಎರಡು ಬಿತ್ತು. ಆ ಎರಡು ಏಟು ಎಂದೋ ಮರೆತುಹೋಗಿವೆ, ಚಪ್ಪಾಳೆ ಮಾತ್ರ ಇನ್ನೂ ಕಿವಿಯಲ್ಲಿದೆ.

ಮದುವೆಯಾದದ್ದು ಗೋಡೆಗೆ ಬಣ್ಣ ಬಳಿಯುವವರನ್ನು. ಮನೆಗೆ ಬರುವಾಗ ಉಗುರಿನ ಸಂದಿಯಲ್ಲೆಲ್ಲ ಯಾರ್ಯಾರದೋ ಮನೆಯ ಬಣ್ಣ. ತಮ್ಮ ಮನೆಗೆ ಮಾತ್ರ ಒಂದು ಸಲವೂ ಬಣ್ಣ ಬಳಿದವರಲ್ಲ. ಒಂದು ದಿನ ಬಣ್ಣ ಬಳಿಯಲು ಎತ್ತರಕ್ಕೆ ಕಟ್ಟಿದ್ದ ಸಾರವೆಯಿಂದ ಕಾಲು ಜಾರಿತು, ಅಷ್ಟೇ. ಮಕ್ಕಳಿರಲಿಲ್ಲ. ಉಳಿದವರು ಅತ್ತೆ ಮತ್ತು ಸೊಸೆ. ಚರ್ಚಿನ ಎದುರಿನ ಓಣಿಯಲ್ಲಿ ಒಂದೂವರೆ ಕೋಣೆಯ ಮನೆ, ಒಂದೇ ಮಂಚ. ಹಾಸಿಗೆ ಯಾರಿಗೆ, ಚಾಪೆ ಯಾರಿಗೆ ಎಂಬ ಜಗಳ ಇನ್ನೂ ತೀರ್ಮಾನವಾಗಿಲ್ಲ. "ನನ್ನ ಮಗ ಹೋದ, ಇವಳು ತವರಿಗೆ ಹೋಗ್ತಾಳೆ ಅಂದ್ಕೊಂಡೆ. ಹೋಗಲೇ ಇಲ್ಲ. ಬೈದೂ ನೋಡಿದೆ" ಎನ್ನುತ್ತಾರೆ ಅತ್ತೆ. ಬೈಗುಳದಲ್ಲಿ ಅವರದು ಎತ್ತಿದ ಕೈ. ಸೊಸೆ ಅಂಗಡಿಯಿಂದ ಬರುವುದು ಸ್ವಲ್ಪ ತಡವಾದರೂ ಓಣಿಯ ತುದಿಗೆ ಬಂದು ಗೋಡೆ ಹಿಡಿದು ನಿಲ್ಲುವವರೂ ಅವರೇ.

ಇನ್ನು ಆ ಕಿವಿಯ ವಿಷಯ. ಮುಖ್ಯ ಬೀದಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ತಾಯಿಯೊಬ್ಬರ ಮಗ ಕಳೆದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ. ಇನ್ನೂ ಐದು ತುಂಬಿರಲಿಲ್ಲ. ಊರಿಗೆಲ್ಲ ಜ್ವರದ ಮಾತ್ರೆ ಕೊಡುವ ಅಂಗಡಿಯ ಮಗು ಅದು, ಆ ಮನೆಯವರ ಸಂಕಟವನ್ನು ಯಾವ ಬಾಯಲ್ಲಿ ಹೇಳುವುದು? ಆ ತಾಯಿ ಮಗುವಿನ ಸಾಮಾನು ಮುಟ್ಟದೆ, ಮುಟ್ಟಲು ಬಿಡದೆ, ಕೋಣೆಯ ಬಾಗಿಲು ಮುಚ್ಚಿಟ್ಟಿದ್ದರು. ಗಂಡನ ಅಕ್ಕ ಬಂದವರು, ಕಣ್ಣೆದುರು ಇದ್ದರೆ ದುಃಖ ಆರುವುದಿಲ್ಲ ಎಂದು, ತಾಯಿ ಅಂಗಡಿಗೆ ಹೋಗಿದ್ದ ಹೊತ್ತು ನೋಡಿ ಎಲ್ಲವನ್ನೂ ಚೀಲಕ್ಕೆ ತುಂಬಿ ಚರ್ಚಿನ ಪೆಟ್ಟಿಗೆಗೆ ಹಾಕಿಬಿಟ್ಟರು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೆ ಒಳ್ಳೆಯ ಮನಸ್ಸಿನಿಂದ ಮಾಡಿದರೂ ಹೋದದ್ದು ಹೋದದ್ದೇ.

ವಿಷಯ ತಿಳಿಯುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಡಿಸೆಂಬರಿನ ಒಂದು ಸಂಜೆ ಆ ತಾಯಿ ಅಂಗಡಿಯ ಬಿಳಿ ಕೋಟಿನಲ್ಲೇ ಈ ಕೋಣೆಗೆ ಓಡಿ ಬಂದರು. "ಅಕ್ಕ, ಉಳಿದದ್ದು ಯಾವುದೂ ಬೇಡ. ಒಂದು ಕತ್ತೆ ಇತ್ತು, ಬೂದು ಬಣ್ಣದ್ದು. ನಿದ್ದೆ ಬರೋವಾಗ ಅದರ ಎಡಗಿವಿ ಕಚ್ಕೊಂಡೇ ಮಲಗ್ತಿದ್ದ. ಅದೊಂದು ಕೊಡಿ."

ಸೂಜಿಯಕ್ಕನಿಗೆ ಕೇಳಿದ ಕೂಡಲೇ ಗೊತ್ತಾಯಿತು. ಆ ಕತ್ತೆಗೆ ಕತ್ತರಿ ಹಾಕಿದ್ದು ಅವರೇ. ಕಿವಿ ಎರಡೂ ಹೋಗಿದ್ದವು, ಮೈ ತೊಳೆದಾಗಿತ್ತು, ಬಣ್ಣ ಬದಲಾಗಿತ್ತು, ಬಾಲ, ಮೂತಿ, ಕಣ್ಣು ಎಲ್ಲವೂ ಬದಲಾಗಿದ್ದವು. ಅದು ಕತ್ತೆಯಾಗಿ ಉಳಿದಿರಲಿಲ್ಲ. ಏನಾಗಿತ್ತು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಈ ಲೇಖನಕ್ಕೆ ಸೂಜಿಯಕ್ಕನೂ ಆ ತಾಯಿಯೂ ಒಪ್ಪಿದ್ದೇ ಅದನ್ನೂ ಊರು, ಹೆಸರುಗಳನ್ನೂ ಬರೆಯಬಾರದು ಎಂಬ ಕರಾರಿನ ಮೇಲೆ.

"ನಾನು ಹೇಳಬೇಕಿತ್ತು. ಹೇಳಲಿಲ್ಲ. ನೀವೇ ನೋಡ್ಕೊಳ್ಳಿ ಅಮ್ಮ ಅಂದೆ, ಅಷ್ಟೇ" ಎನ್ನುತ್ತಾರೆ ಸೂಜಿಯಕ್ಕ.

ಆ ತಾಯಿ ನೋಡಿದರು. ಮೇಲಿನ ಹಲಗೆಯಿಂದ ಕೆಳಗಿನವರೆಗೆ ಒಂದೊಂದನ್ನೂ ಕೈಗೆ ತೆಗೆದುಕೊಂಡು, ತಿರುಗಿಸಿ, ಮೂಗಿನ ಹತ್ತಿರ ಹಿಡಿದು, ವಾಪಸ್ ಇಟ್ಟರು. ಕತ್ತೆಯಾಗಿದ್ದ ಅದನ್ನೂ ತೆಗೆದುಕೊಂಡರು. ಎರಡೂ ಕೈಯಲ್ಲಿ ಹಿಡಿದು ಒಂದು ಕ್ಷಣ ನೋಡಿದರು. ಆ ತಾಯಿ ಅದನ್ನು ಇದ್ದ ಜಾಗದಲ್ಲೇ ಇಟ್ಟು ಪಕ್ಕದ್ದನ್ನು ಎತ್ತಿಕೊಂಡರು. ಕೊನೆಗೆ, "ಇಲ್ಲ ಅಕ್ಕ, ಇದರಲ್ಲಿ ಇಲ್ಲ. ತೊಂದರೆ ಕೊಟ್ಟೆ" ಎಂದು ಹೇಳಿ ಹೊರಟುಹೋದರು.

ಇಪ್ಪತ್ತು ವರ್ಷದಲ್ಲಿ ಯಾರೊಬ್ಬರೂ ತಮ್ಮ ಮನೆಯ ಆಟಿಕೆಯನ್ನು ಗುರುತು ಹಿಡಿದದ್ದಿಲ್ಲ. ಸೂಜಿಯಕ್ಕ ಯಾರ ಮುಂದೆಯೂ ಹೇಳಿಕೊಳ್ಳದೆ ಒಳಗೊಳಗೇ ಹೆಮ್ಮೆಪಡುತ್ತಿದ್ದದ್ದು ಅದೊಂದಕ್ಕೆ. ಆ ಸಂಜೆ ಆ ಹೆಮ್ಮೆಯ ಮುಖಕ್ಕೆ ಬೆಂಕಿ ಬಿತ್ತು. "ಹೆತ್ತ ತಾಯಿ ಕೈಯಲ್ಲಿ ಹಿಡಿದು ನೋಡಿದ್ರೂ ಗೊತ್ತಾಗ್ಲಿಲ್ಲ ಅಂದ್ರೆ, ನಾನು ಮಾಡಿದ್ದು ಎಂಥ ಕೆಲಸ!"

ಆಮೇಲೆ ನಾಲ್ಕಾರು ದಿನ ಬಾಯಿಗಿಟ್ಟ ಅನ್ನ ಒಳಗೆ ಇಳಿಯಲಿಲ್ಲ. ಅಂಗಡಿಯಲ್ಲಿ ಒಬ್ಬರ ಪ್ಯಾಂಟನ್ನು ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಹೊಲಿದು ಬೈಸಿಕೊಂಡರು. ಸೊಸೆಯ ಮುಖ ಕಾಣದಿದ್ದರೂ ತಟ್ಟೆಯ ಸದ್ದಿನಲ್ಲೇ ಅತ್ತೆಗೆ ತಿಳಿಯಿತು. ಕೆದಕಿ ಕೆದಕಿ ಕೇಳಿದ ಮೇಲೆ ಎಲ್ಲ ಹೊರಬಿತ್ತು.

"ಹೇಳಿಬಿಡಬೇಕಿತ್ತು" ಎಂದರು ಅತ್ತೆ.

"ಹೇಳಿ ಏನು ಕೊಡ್ಲಿ ಅತ್ತೆ? ಅವನ ವಾಸನೆ ತೊಳೆದಿದ್ದೀನಿ, ಅವನು ಕಚ್ಚಿದ ಕಿವಿ ಕತ್ತರಿಸಿದ್ದೀನಿ. ಇನ್ನೇನು ಉಳಿದಿದೆ ಅಂತ ಕೊಡೋದು? ಮಕ್ಕಳಿಲ್ಲದವಳು, ನನಗೇನು ತಿಳೀಬೇಕು ಅಂತ ಸುಮ್ಮನಾದೆ."

"ನನಗೆ ತಿಳಿಯುತ್ತೆ" ಎಂದರು ಅತ್ತೆ. ಮಗ ಸಾರವೆಯಿಂದ ಬಿದ್ದ ದಿನ ತೊಟ್ಟಿದ್ದ ಬಣ್ಣದ ಕಲೆಯ ಅಂಗಿಯನ್ನು ಯಾರೋ ಆಸ್ಪತ್ರೆಯಲ್ಲೇ ಎಸೆದಿದ್ದರು. ಅದನ್ನು ಅತ್ತೆ ಎಂದೂ ಬಾಯಿಬಿಟ್ಟು ಕೇಳಿದವರಲ್ಲ. ಆಮೇಲೆ ಇದ್ದಕ್ಕಿದ್ದಂತೆ, "ಕತ್ತರಿಸಿದ ಕಿವಿ ತೊಳೆದಿಲ್ಲವಲ್ಲ!" ಎಂದರು. "ಚಿಂದಿ ತುಂಬುವಾಗ ಗಡುಸಾದ ಒಂದು ಚೂರು ಕೈಗೆ ಸಿಕ್ಕಿತ್ತು. ಜೊಲ್ಲು ಒಣಗಿ ಅಂಟು ಹಾಕಿದ ಹಾಗೆ ಆಗಿತ್ತು. ಯಾವ ಮಗುವಿನದೋ ಅಂದ್ಕೊಂಡು ತುಂಬಿದೆ. ಯಾವುದರೊಳಗೆ ತುಂಬಿದೆ ಅನ್ನೋದು ನೆನಪಿಲ್ಲ."

ಮುಂಜಾನೆಯ ಈ ಬಿಚ್ಚಾಟ ಶುರುವಾದದ್ದು ಹಾಗೆ. ಹಲಗೆಯ ಮೇಲಿರುವ ಆಟಿಕೆಗಳು ನೂರಕ್ಕೆ ಹತ್ತಿರ. ಭಾನುವಾರ ಬೆಳಿಗ್ಗೆ ಸ್ವಯಂಸೇವಕರು ಬಂದು ಪೊಟ್ಟಣ ಕಟ್ಟಿ ಮನೆಮನೆಗೆ ಒಯ್ಯುತ್ತಾರೆ. ಅಷ್ಟರೊಳಗೆ ಕಿವಿ ಸಿಗದಿದ್ದರೆ ಅದು ಯಾವುದೋ ಮಗುವಿನ ಗೊಂಬೆಯ ಹೊಟ್ಟೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಅದಕ್ಕಾಗಿ ಬಿಚ್ಚಿದ್ದನ್ನೆಲ್ಲ ಮತ್ತೆ ಹೊಲಿಯಲು ಸಾಧ್ಯವಾಗದಿದ್ದರೆ ಅಷ್ಟು ಮಕ್ಕಳಿಗೆ ಉಡುಗೊರೆ ಇಲ್ಲ. ಎರಡೂ ಕಡೆ ಮಕ್ಕಳೇ. ಸೂಜಿಯಕ್ಕ ಅಂಗಡಿಗೆ ರಜೆ ಹಾಕಿದ್ದಾರೆ. ಆ ದಿನಗಳ ಕೂಲಿ ಇಲ್ಲ.

ಕರಡಿಯಲ್ಲಿ ಸಿಗುವುದಿಲ್ಲ. ಅದರ ಪಕ್ಕದ ಕೋತಿಯಲ್ಲೂ ಇಲ್ಲ. ಹೊರಗೆ ಬೆಳಕಾಗಿ, ಕಿಟಕಿಯ ಗಾಜು ಬೂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಹಳದಿ ಬಾತುಕೋಳಿಯೊಂದರ ಸರದಿ. ಚಿಂದಿ ಮಡಿಲಿಗೆ ಬೀಳುತ್ತದೆ. ಅತ್ತೆಯ ಬೆರಳು ಒಂದೆರಡು ಚೂರು ದಾಟಿ ನಿಲ್ಲುತ್ತದೆ. ಅವರು "ಇದು" ಎನ್ನುವುದಿಲ್ಲ. ಕೈ ಚಾಚಿ ಸೊಸೆಯ ಅಂಗೈಯಲ್ಲಿ ಅದನ್ನು ಇಡುತ್ತಾರೆ. ಬೂದು ಬಣ್ಣದ ಒಂದು ತುಣುಕು, ತುದಿಯಲ್ಲಿ ನೂಲೆದ್ದು ಮುದುಡಿದೆ. ಚಿಕ್ಕ ಹಲ್ಲುಗಳ ಗುರುತು ಸ್ಪಷ್ಟವಾಗಿದೆ. ಸೂಜಿಯಕ್ಕ ಅದನ್ನು ಮೂಗಿನ ಹತ್ತಿರ ಒಯ್ಯಲು ಹೋಗಿ, ತಡೆದು, ಒಂದು ಬಿಳಿ ಬಟ್ಟೆಯಲ್ಲಿ ಸುತ್ತುತ್ತಾರೆ. "ಅದು ನನ್ನದಲ್ಲ" ಎನ್ನುತ್ತಾರೆ.

ಔಷಧಿ ಅಂಗಡಿಯ ಬಾಗಿಲು ಆಗಷ್ಟೇ ತೆರೆದಿದೆ. ಕೆಮ್ಮಿನ ಔಷಧಿಗೆ ಬಂದ ಅಜ್ಜನೊಬ್ಬ ಚಿಲ್ಲರೆಗಾಗಿ ಜೇಬೆಲ್ಲ ತಡಕಾಡುತ್ತಿದ್ದಾನೆ. ಅವನು ಹೋಗುವವರೆಗೆ ಸೂಜಿಯಕ್ಕ ಮೂಲೆಯಲ್ಲಿ ನಿಲ್ಲುತ್ತಾರೆ. ಆಮೇಲೆ ಬಿಳಿ ಬಟ್ಟೆಯನ್ನು ಕೌಂಟರಿನ ಗಾಜಿನ ಮೇಲಿಟ್ಟು ಬಿಡಿಸುತ್ತಾರೆ. ಆ ತಾಯಿ ನೋಡುತ್ತಾರೆ. ಈ ಸಲ ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗುವುದಿಲ್ಲ. ಕಿವಿಯನ್ನು ಎತ್ತಿ ಮೂಗಿಗೆ ಒತ್ತಿಕೊಂಡು, ಔಷಧಿಯ ಕಪಾಟಿನ ಕಡೆ ತಿರುಗಿ ನಿಂತುಬಿಡುತ್ತಾರೆ. ಬೆನ್ನು ಮಾತ್ರ ಕಾಣುತ್ತದೆ. ಬೀದಿಯಲ್ಲಿ ಒಂದು ಸೈಕಲ್ಲು ಬೆಲ್ಲು ಬಾರಿಸಿಕೊಂಡು ಹೋಗುತ್ತದೆ.

ಅವರು ತಿರುಗದೆಯೇ ಹೇಳುತ್ತಾರೆ: "ಹಾಗಾದ್ರೆ ಉಳಿದದ್ದು ಅಲ್ಲೇ ಇತ್ತು."

"ಇತ್ತು ಅಮ್ಮ. ಇದೆ."

"ನಾನು ಅದನ್ನ ಮುಟ್ಟಿದ್ನಾ?"

"ಮುಟ್ಟಿದ್ರಿ."

ಇದಕ್ಕಿಂತ ಕಷ್ಟದ ಒಂದು ಮಾತನ್ನು ಜೀವನದಲ್ಲೇ ಆಡಿಲ್ಲ ಎನ್ನುತ್ತಾರೆ ಸೂಜಿಯಕ್ಕ. "ಯಾವುದು ಅಂತ ಹೇಳ್ತೀನಿ ಅಮ್ಮ. ಈಗಲೇ ತಂದು ಕೊಡ್ತೀನಿ. ಬೈದು ತಗೊಳ್ಳಿ."

ಆ ತಾಯಿ ತಲೆ ಅಲ್ಲಾಡಿಸುತ್ತಾರೆ. "ಬೇಡ ಅಕ್ಕ. ಹೇಳಬೇಡಿ. ಕೈಯಲ್ಲಿ ಹಿಡಿದೂ ನನಗೆ ಗೊತ್ತಾಗ್ಲಿಲ್ಲ ಅಂದ್ರೆ ಅದು ಇನ್ನು ಅವನದಲ್ಲ. ಯಾವ ಮಗುವಿಗೆ ಕೊಡಬೇಕು ಅಂತಿದ್ದೀರೋ ಆ ಮಗುವಿಗೇ ಕೊಡಿ." ಅಷ್ಟು ಹೇಳಿ ಬಿಳಿ ಬಟ್ಟೆಯನ್ನು ಮತ್ತೆ ಸುತ್ತಿ, ಕೋಟಿನ ಒಳಜೇಬಿಗೆ ಹಾಕಿಕೊಳ್ಳುತ್ತಾರೆ. ಕೃತಜ್ಞತೆ ಹೇಳುವುದಿಲ್ಲ.

ವಾಪಸ್ ಬಂದ ಸೂಜಿಯಕ್ಕ ಕೋಣೆಯ ನೆಲದ ತುಂಬ ಹರಡಿದ ಚಿಂದಿಯ ನಡುವೆ ಮತ್ತೆ ಕೂರುತ್ತಾರೆ. ಹೊಟ್ಟೆ ತೆರೆದುಕೊಂಡು ಅಂಗಾತ ಬಿದ್ದಿರುವ ಬಾತುಕೋಳಿ, ಕೋತಿ, ಕರಡಿಗಳನ್ನು ಹತ್ತಿರ ಎಳೆದುಕೊಳ್ಳುತ್ತಾರೆ. ಅತ್ತೆ ಚಿಂದಿ ತುಂಬಲು ತೊಡಗುತ್ತಾರೆ. ಹಲಗೆಯ ಮೇಲೆ ಆ ಒಂದು ಆಟಿಕೆಯೂ ಉಳಿದವುಗಳ ಜೊತೆ ಕೂತಿದೆ. ಭಾನುವಾರ ಅದು ಹೋಗುವ ಮನೆಯಲ್ಲಿ ತಂದೆಗೆ ಕೆಲಸ ಹೋಗಿ ಆರು ತಿಂಗಳಾಗಿದೆ, ಎರಡು ವರ್ಷದ ಮಗುವಿದೆ, ಇದುವರೆಗೆ ಒಂದು ಆಟಿಕೆಯೂ ಇಲ್ಲ. ಆ ಮಗುವಿಗೆ ಈಗ ದವಡೆ ಹಲ್ಲು ಬರುತ್ತಿದೆಯಂತೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದಂತೆ. ಅದಕ್ಕೇ ಸೂಜಿಯಕ್ಕ ಅದರ ಹೊಸ ಕಿವಿಗಳಿಗೆ ಇನ್ನೊಂದು ಸುತ್ತು ಹೊಲಿಗೆ ಹಾಕಿದ್ದಾರೆ.

ನಿಮಗೇನಾದರೂ ಬೇಕೇ ಎಂದು ಕೇಳಿದರೆ ಸೂಜಿಯಕ್ಕ ಮೊದಲು ಏನೂ ಬೇಡ ಎನ್ನುತ್ತಾರೆ. ಅತ್ತೆ ಪಕ್ಕದಿಂದ, "ಇನ್ನೊಂದು ಮಂಚ ಕೇಳು" ಎನ್ನುತ್ತಾರೆ. ಸೂಜಿಗೆ ನೂಲು ಪೋಣಿಸಿ, ಬಾಯಲ್ಲಿ ತುದಿ ಕತ್ತರಿಸಿ, ಬಾತುಕೋಳಿಯ ಹೊಟ್ಟೆಗೆ ಮೊದಲ ಹೊಲಿಗೆ ಹಾಕುತ್ತ ಸೂಜಿಯಕ್ಕ ಒಂದೇ ಒಂದು ಕೋರಿಕೆ ಹೇಳುತ್ತಾರೆ.

"ಪೆಟ್ಟಿಗೆ ಒಂದು ತಿಂಗಳು ಮೊದಲೇ ಇಡಲಿ. ಬಂದದ್ದಕ್ಕೆ ಕೂಡಲೇ ಕತ್ತರಿ ಹಾಕಲ್ಲ. ಅಷ್ಟು ದಿನ ಅವು ತಮ್ಮ ಮುಖದಲ್ಲೇ ಹಲಗೆ ಮೇಲೆ ಕೂತಿರಲಿ. ಯಾರಾದ್ರೂ ಹುಡುಕ್ಕೊಂಡು ಬಂದ್ರೆ ಅವರಿಗೆ ಗುರುತು ಸಿಗಬೇಕಲ್ಲ."